ಮರದ ಗುಂಡಿನ ಮೇಲಿದ್ದ ತಗ್ಗು

ಸೊಟ್ಟ ಮರ ಕಂಡರೆ ನನಗಾಗುವುದಿಲ್ಲ. ಇದು ನನ್ನ ರೋಗ, ಮೊದಲೇ ಹೇಳಿಬಿಡುತ್ತೇನೆ. ನಲವತ್ತು ವರ್ಷದಿಂದ ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು ಬೊಂಬೆ ಕಡೆಯುತ್ತಿದ್ದೇನೆ. ಆಲೆ ಮರದ ತುಂಡನ್ನು ಸಿಕ್ಕಿಸಿ, ಉಳಿ ಹಿಡಿದು, ಅದು ದುಂಡಗಾಗುವ ತನಕ ನನಗೆ ಸಮಾಧಾನವಿಲ್ಲ. ದುಂಡಗಾದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಹಿಡಿದರೆ ಮುಖ ಕಾಣುವಷ್ಟು ಹೊಳಪು. ನಮ್ಮ ಅಬ್ಬಾ ಕಲಿಸಿದ್ದು ಒಂದೇ ಮಾತು, ಕೈಯಾಡಿಸಿದರೆ ಎಲ್ಲೂ ತಡೆಯಬಾರದು. ತಡೆದರೆ ಅವರು ಬೊಂಬೆಯನ್ನು ಒಲೆಗೆ ಎಸೆದು ನನ್ನ ತಲೆಗೊಂದು ಮೊಟಕುತ್ತಿದ್ದರು.

ಈ ಕೈಯಿಂದ ಎಷ್ಟು ಆಟದ ರೈಲು ಹೊರಟಿವೆಯೋ ದೇವರಿಗೇ ಗೊತ್ತು. ಕೆಂಪು ಇಂಜಿನ್, ಹಸಿರು ಬೋಗಿ, ಹಳದಿ ಚಕ್ರ, ಎಳೆಯಲು ಒಂದು ದಾರ. ಆದರೆ ನಿಜವಾದ ರೈಲನ್ನು ನಾನು ಕಣ್ಣಿಟ್ಟು ನೋಡಿದವನಲ್ಲ. ಬರುತ್ತದೆ, ಹತ್ತುತ್ತೇವೆ, ಬೆಂಗಳೂರಿನಲ್ಲಿ ಇಳಿಯುತ್ತೇವೆ, ಅಷ್ಟೇ.

ನನ್ನನ್ನು ಅಂಥ ಒಂದು ರೈಲಿನ ಹತ್ತಿರ ಎಳೆದುಕೊಂಡು ಹೋದವನು ನನ್ನ ಜೊತೆ ಸ್ಕೂಲಿನಲ್ಲಿ ಓದಿದ ಗೆಳೆಯ. ಲೈನ್‌ಮ್ಯಾನ್ ಆಗಿ ಊರೂರಿನ ಕಂಬ ಹತ್ತಿ, ಈಗ ರಿಟೈರಾಗಿ ಮನೆಯಲ್ಲಿ ಕೂರಲಾಗದೆ ಒದ್ದಾಡುತ್ತಿದ್ದವನು. ರಾಮನಗರದಿಂದ ಕೂಟಗಲ್ ಕಡೆಗೆ ಹೋಗುವ ದಾರಿಯಲ್ಲಿ ಹಳೇ ರೈಲು ಸಾಮಾನುಗಳನ್ನು ಕೂಡಿಹಾಕಿದ ಒಂದು ಚಿಕ್ಕ ಮ್ಯೂಸಿಯಂ ಇದೆ. ಒಂದು ಶೆಡ್ಡು, ಅದರ ಮುಂದೆ ಇನ್ನೂರು ಹೆಜ್ಜೆ ಉದ್ದದ ಹಳಿ.

"ಲೇ, ಮದ್ರಾಸಿಂದ ಹಳೇ ಕರೆಂಟ್ ರೈಲು ತಂದವ್ರೆ ಕಣ್ಲಾ," ಅಂದ ಒಂದು ದಿನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು. "ಬೋಗಿ ಹೊಟ್ಟೆ ಕೆಳಗೇ ಮೋಟ್ರು, ಮುಂದ್ಗಡೇನೇ ಡ್ರೈವರ್ರು. ಬ್ಯಾರೆ ಇಂಜಿನ್ನೇ ಬ್ಯಾಡ. ಮತ್ತೆ ಓಡುಸ್ಬೇಕು ಅಂತ ಒಂದಷ್ಟ್ ಜನ ಸೇರ್ಕೊಂಡಿದೀವಿ. ಮರದ್ ಕೆಲ್ಸ ಬೇಜಾನ್ ಐತೆ, ಭಾನ್ವಾರ ಬಾ."

"ನಂಗೇನ್ ತಲೆ ಕೆಟ್ಟೈತಾ? ವಾರಕ್ಕೊಂದು ದಿನ ಬೆನ್ನು ನೆಲಕ್ಕೆ ಹಾಕ್ತೀನಿ, ಅದಕ್ಕೂ ಕಲ್ಲು ಹಾಕ್ತೀಯಾ?"

"ಬಾರ್ಲಾ, ಬಂದ್ ನೋಡ್ಬುಟ್ಟು ಆಮೇಲ್ ಬಯ್ಯಿ."

ಬೈಯುವ ಸಿದ್ಧತೆಯಲ್ಲೇ ಹೋದೆ. ಶೆಡ್ಡಿನೊಳಗೆ ಕಾಲಿಟ್ಟವನು ಬೈಯುವುದನ್ನೇ ಮರೆತೆ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಕಿಟಕಿಗಳಲ್ಲಿ ಗುಬ್ಬಚ್ಚಿಗಳು ಸಂಸಾರ ಹೂಡಿದ್ದವು, ಆದರೂ ಏನು ಗತ್ತು ಅದರದ್ದು! ಒಳಗೆ ತೇಗದ ಪಟ್ಟಿಗಳ ಸೀಟು. ನಿಂತವರು ಹಿಡಿದುಕೊಳ್ಳುವ ಹಿತ್ತಾಳೆ ಕಂಬಗಳು ಎದೆಯೆತ್ತರದಲ್ಲಿ ಮಾತ್ರ ಸವೆದು ಸಣ್ಣಗಾಗಿದ್ದವು. ಗೆಳೆಯ ನನ್ನನ್ನು ಬೋಗಿಯ ಕೆಳಗೆ ಮಲಗಿಸಿ ಮೋಟಾರು ತೋರಿಸಿದ. ಅವನು ಏನೇನೋ ಹೇಳುತ್ತಿದ್ದ, ನಾನು ಚಕ್ರವನ್ನೇ ನೋಡುತ್ತಿದ್ದೆ. ಉಕ್ಕಿನ ಅಂಚಿನಲ್ಲಿ ಸುತ್ತಲೂ ಸಣ್ಣ ಸಣ್ಣ ಗೆರೆಗಳಿದ್ದವು. ಉಗುರಿನಿಂದ ತಡವಿ ನೋಡಿದೆ. ಯಾ ಅಲ್ಲಾ, ಇದು ಉಳಿಯ ಗುರುತು! ಇದನ್ನೂ ಲೇತಿಗೆ ಹಾಕಿ ಕಡೆದಿದ್ದಾರೆ. ನನ್ನ ಸೊಂಟದೆತ್ತರದ ಚಕ್ರವನ್ನು ತಿರುಗಿಸುವ ಲೇತು ಎಷ್ಟು ದೊಡ್ಡದಿರಬೇಕು, ಅದರ ಮುಂದೆ ನಿಂತವನು ಯಾವ ಗಂಡುಗಲಿ ಇರಬೇಕು! ಬೆನ್ನಿಗೆ ಜಲ್ಲಿ ಚುಚ್ಚುತ್ತಿದ್ದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ನಾನು ಸೀಟಿನ ಪಟ್ಟಿ, ಕಿಟಕಿಯ ಚೌಕಟ್ಟು ನೋಡಿಕೊಂಡೆ. ಗೆಳೆಯ ವೈರಿಂಗ್ ನೋಡಿಕೊಂಡ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆದು ತೆಗೆದು ಬೆರಳು ಬೆಳ್ಳಗಾದ ಒಬ್ಬರು ಬರುತ್ತಿದ್ದರು, ನಾವೆಲ್ಲ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆವು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕುವುದು ಅವರ ಜೀವಮಾನದ ಕೆಲಸ. ಡ್ರೈವರ್ ಕ್ಯಾಬಿನ್ನಿನಿಂದ ಮೋಟಾರಿಗೆ ಹೋಗುವ ತಂತಿಗಳ ಕಂತೆಯಲ್ಲಿ ಒಂದು ಎಲ್ಲೋ ಒಳಗೆ ತುಂಡಾಗಿತ್ತು. ಗೆಳೆಯ ಮೀಟರು ಹಿಡಿದು ಎರಡು ಭಾನುವಾರ ಬೆವರು ಸುರಿಸಿದರೂ ಸಿಗಲಿಲ್ಲ. ಆಪಾ ಬಂದು ಕಣ್ಣು ಮುಚ್ಚಿಕೊಂಡು ಕಂತೆಯನ್ನು ಎರಡು ಬೆರಳಲ್ಲಿ ಸವರುತ್ತಾ ಹೋದರು, ಒಂದು ಕಡೆ ನಿಂತರು. "ಇಲ್ಲಿ ಎಳೆ ಸಡ್ಲ ಐತೆ ನೋಡಿ," ಅಂದರು. ಸುಲಿದು ನೋಡಿದರೆ ಅಲ್ಲೇ. ಗೆಳೆಯ ಅವರಿಗೆ ಕೈಮುಗಿದುಬಿಟ್ಟ. ನನಗೂ ಮೈ ಜುಮ್ಮೆಂದಿತು, ಆದರೆ ತೋರಿಸಿಕೊಳ್ಳಲಿಲ್ಲ.

ಇನ್ನು ಗುಂಡಿನ ವಿಷಯ. ಕ್ಯಾಬಿನ್ನಿನಲ್ಲಿ ಡ್ರೈವರ್ ತಿರುಗಿಸುವ ಒಂದು ಹಿಡಿಕೆ ಇದೆ. ಅದರ ತುದಿಯಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಮರದ ಗುಂಡು. ಗಾಡಿ ಓಡುವಷ್ಟು ಹೊತ್ತೂ ಆ ಗುಂಡನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದಿರಬೇಕು. ಕೈ ಸಡಿಲವಾಯಿತೋ, ಒಳಗಿನ ಸ್ಪ್ರಿಂಗು ಗುಂಡನ್ನು ಮೇಲಕ್ಕೆ ಎತ್ತಿ ಕರೆಂಟು ಕತ್ತರಿಸುತ್ತದೆ. ಡ್ರೈವರ್‌ಗೆ ತಲೆಸುತ್ತು ಬಂದು ಬಿದ್ದರೂ, ಅಲ್ಲೇ ಜೀವ ಹೋದರೂ, ಗಾಡಿ ತಾನಾಗಿ ನಿಲ್ಲಬೇಕು, ಹಿಂದೆ ಕೂತವರು ಉಳಿಯಬೇಕು. ಇದನ್ನು ಯೋಚಿಸಿದವನು ಎಷ್ಟು ಜನರನ್ನು ಮನೆ ಮುಟ್ಟಿಸಿದ್ದಾನೋ ಅಂತ ಅನಿಸಿತು.

ಗೆಳೆಯ ಆ ಗುಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಒಸಿ ಕ್ಲೀನ್ ಮಾಡ್ಕೊಂಡ್ ಬಾ," ಅಂದ. ಮನೆಗೆ ತಂದು ಬೆಳಕಿಗೆ ಹಿಡಿದೆ. ಕಪ್ಪಗೆ ಜಿಡ್ಡುಗಟ್ಟಿತ್ತು. ಮೇಲೆ ಒಂದು ಪಕ್ಕಕ್ಕೆ ವಾಲಿದ ತಗ್ಗು. ನನ್ನ ಕಣ್ಣಿಗೆ ಅದು ಕೆಟ್ಟ ಕೆಲಸ. ಯಾವನೋ ಕೈಲಾಗದವನು ಕಡೆದದ್ದು ಅಂತ ಬೈದುಕೊಂಡೆ. ಲೇತಿಗೆ ಹಾಕಿ, ತಗ್ಗಿನ ತಳ ಮುಟ್ಟುವವರೆಗೆ ಸುತ್ತಲೂ ಕಡೆದು, ಮೊಟ್ಟೆಯಷ್ಟು ನುಣುಪು ಮಾಡಿದೆ. ಕೆಂಪು ಅರಗು ಹಿಡಿಸಿದೆ. ತಾಳೆಗರಿ ಹಾಕಿ ಹಾಕಿ ಉಜ್ಜಿದೆ. ಸಿಪ್ಪೆಯೆಲ್ಲ ಸ್ನಾನದ ನೀರಿನ ಒಲೆಗೆ ಹೋಯಿತು. ಭಾನುವಾರ ತಂದು ತೋರಿಸಿದಾಗ ಎಲ್ಲರೂ ವಾಹ್ ಅಂದರು. ನಾನೂ ಮೀಸೆ ತಿರುವಿದೆ.

ಅದೇ ಭಾನುವಾರ ಗಾಡಿಯ ಸುದ್ದಿ ಕೇಳಿ ಅಕ್ಕೂರಿನಿಂದ ಯಜಮಾನರೊಬ್ಬರು ಬಂದರು. ಹುಟ್ಟಿದ್ದು ಅಕ್ಕೂರಿನಲ್ಲೇ, ವಯಸ್ಸಿನಲ್ಲಿ ಮದ್ರಾಸಿಗೆ ಹೋಗಿ ಮೂವತ್ತು ವರ್ಷ ಲೋಕಲ್ ರೈಲು ಓಡಿಸಿದವರು. ಇಂಥದೇ ಬೋಗಿಗಳು. ಎಂಬತ್ತು ದಾಟಿದ ಮೈ, ನೆಟ್ಟಗೆ ನಿಲ್ಲುತ್ತಾರೆ. ಕಣ್ಣು ಮಾತ್ರ ಹೋಗುತ್ತಾ ಇತ್ತು. "ಕಣ್ಣಿನ್ ನರ ಒಣಗ್ತಾ ಐತಂತೆ. ಈಗ ಬೆಳಕು, ಆಕಾರ ಕಾಣ್ತೈತೆ. ಅದೂ ಇನ್ನೊಂದಷ್ಟ್ ದಿನ ಅಂದವ್ರೆ ಡಾಕ್ಟ್ರು," ಅಂದರು, ಬಸ್ಸು ತಡವಾಯಿತು ಅನ್ನುವಂತೆ. ಆಮೇಲೆ ಬಂದ ಕೆಲಸ ಹೇಳಿದರು. "ಅಷ್ಟರೊಳ್ಗೆ ಒಂದ್ಸಲ ಓಡುಸ್ಬೇಕು. ಹಳಿ ನನ್ ಕಡೀಗ್ ಬರಾದ ಒಂದ್ಸಲ ನೋಡ್ಬೇಕು. ಆಮೇಲ್ ಏನಾರ ಆಗ್ಲಿ."

ಅವರನ್ನು ಬೋಗಿಯ ಹತ್ತಿರ ಕರೆದೊಯ್ದೆವು. ಯಾರೂ ಕೈ ಹಿಡಿಯಲು ಬಿಡಲಿಲ್ಲ. ಪಕ್ಕದ ತಗಡಿನ ಮೇಲೆ ಅಂಗೈ ಇಟ್ಟು ನಡೆಯುತ್ತಾ ಹೋದರು. ಬಾಗಿಲು, ಮೆಟ್ಟಿಲು, ಒಂದೊಂದು ಮೊಳೆಯ ತಲೆ, ಎಲ್ಲದಕ್ಕೂ ಒಂದೊಂದು ಮಾತು. ಕ್ಯಾಬಿನ್ನಿನ ಬಾಗಿಲ ಹಿಡಿ ಸಿಕ್ಕಿದಾಗ ಮುಖ ಅರಳಿತು. ಒಳಗೆ ಹತ್ತಿ ಗೋಡೆಯ ಒಂದು ಮೂಲೆಯನ್ನು ಹುಡುಕಿ, "ಇಲ್ಲೊಂದ್ ಕೊಕ್ಕೆ ಇರ್ಬೇಕು, ಊಟದ್ ಡಬ್ಬಿ ತಗುಲ್ ಹಾಕಾಕೆ," ಅಂದರು. ಇತ್ತು! ನಾಲ್ಕು ತಿಂಗಳಿಂದ ನಾವೆಲ್ಲ ಅದಕ್ಕೆ ತಲೆ ತಗುಲಿಸಿಕೊಳ್ಳುತ್ತಿದ್ದೆವು, ಏನೆಂದು ಗೊತ್ತಿರಲಿಲ್ಲ. ಆಪಾ ಕಣ್ಣೊರೆಸಿಕೊಂಡರು.

ಮುಂದಿನ ಭಾನುವಾರವೇ ಓಡಿಸುವುದು ಅಂತ ತೀರ್ಮಾನವಾಯಿತು. ಮೇಲಿನ ತಂತಿಯ ಕರೆಂಟು ನಮಗೆಲ್ಲಿ ಬರಬೇಕು? ಗೆಳೆಯ ಬಸ್ಸಿನ ಹಳೇ ಬ್ಯಾಟರಿಗಳನ್ನು ಒಂದಕ್ಕೊಂದು ಸೇರಿಸಿ, ಸೀಟುಗಳ ಕೆಳಗೆ ಸಾಲಾಗಿ ಇಟ್ಟು, ಒಂದು ಮೋಟಾರಿಗೆ ಕೊಟ್ಟಿದ್ದ. ಮನುಷ್ಯ ನಡೆಯುವ ವೇಗದಲ್ಲಿ ಹೋದರೆ ಸಾಕು ಅನ್ನುವುದು ಅವನ ಆಸೆ.

ಆ ದಿನ ಬೆಳಿಗ್ಗೆ ನಾನು, ಗೆಳೆಯ, ಆಪಾ ಕ್ಯಾಬಿನ್ನಿನಲ್ಲಿ ಅವರ ಹಿಂದೆ ಒತ್ತಿಕೊಂಡು ನಿಂತೆವು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಗುಂಡಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಒಂದು ಗಳಿಗೆ ನಿಂತಿತು, ಬೆರಳುಗಳು ಸುತ್ತ ಏನೋ ಹುಡುಕಿದವು. ಆಮೇಲೆ, "ಚೆನ್ನಾಗ್ ಮಾಡವ್ರೆ," ಅಂದರು. ಒತ್ತಿದರು, ಹಿಡಿಕೆ ತಿರುಗಿಸಿದರು. ಕಾಲ ಕೆಳಗಿನಿಂದ ಒಂದು ಗುಂಯ್ ಅನ್ನುವ ಸದ್ದು ಹುಟ್ಟಿ ಮೊಳಕಾಲಿನವರೆಗೆ ಏರಿತು. ಇಷ್ಟು ವರ್ಷ ಸತ್ತು ಮಲಗಿದ್ದ ಕಬ್ಬಿಣಕ್ಕೆ ಜೀವ ಬಂದಿತ್ತು. ಶೆಡ್ಡಿನ ಗೋಡೆ ಹಿಂದಕ್ಕೆ ಸರಿಯಿತು. ನಾನು ಬಾಯಿ ಬಿಟ್ಟುಕೊಂಡೇ ನಿಂತಿದ್ದೆ.

ಹತ್ತು ಹೆಜ್ಜೆ ಹೋಗಿರಬೇಕು, ಟಪ್ ಅಂತ ಗುಂಡು ಮೇಲೆ ಹಾರಿತು. ಕರೆಂಟು ಹೋಗಿ ಗಾಡಿ ನಿಂತಿತು. ಬೆವರಿದ ಅಂಗೈ ಜಾರಿತ್ತು. ಮತ್ತೆ ಒತ್ತಿದರು, ಐದು ಹೆಜ್ಜೆ, ಮತ್ತೆ ಜಾರಿತು. ಮೂರನೇ ಸಲ ಎರಡೂ ಕೈ ಇಟ್ಟು ಒತ್ತಿದರು. ಅದೂ ಜಾರಿತು. ಹೊರಗೆ ನಿಂತ ಜನ ಮೊದಲು ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಒಬ್ಬೊಬ್ಬರೇ ನೆರಳಿಗೆ ಸರಿದರು. ಯಜಮಾನರು ಕೈ ತೆಗೆದು ಅಂಗಿಗೆ ಒರೆಸಿಕೊಂಡು, "ಕೈಯಾಗ್ ಬಲ ಇಲ್ಲ ಕಣಪ್ಪ. ಗಾಡಿ ಚೆನ್ನಾಗೈತೆ, ನಂದೇ ಟೈಮ್ ಆಗೋಯ್ತು," ಅಂದರು. ಇಳಿದು ಹೋಗಿ ಬೆಂಚಿನ ಮೇಲೆ ಕೂತರು.

ನಾನು ಗುಂಡಿನ ಮೇಲೆ ನನ್ನ ಕೈ ಇಟ್ಟೆ. ಒತ್ತಿದೆ. ಜಾರಿತು. ಆಗ ನನಗೆ ಅರ್ಥವಾಯಿತು ನೋಡಿ. ಆ ತಗ್ಗು ಯಾವನೋ ಕೈಲಾಗದವನು ಕಡೆದದ್ದಲ್ಲ. ಇವರಂಥ ಎಷ್ಟೋ ಡ್ರೈವರುಗಳ ಅಂಗೈ ದಿನದಿನವೂ ಒತ್ತಿ ಒತ್ತಿ ತಾನಾಗಿ ಆದದ್ದು. ಕೈ ಕೂರುವ ಜಾಗ ಅದು. ಅದನ್ನು ನಾನು ಅರ್ಧ ಗಂಟೆಯಲ್ಲಿ ಕಡೆದು ಹಾಕಿ, ಮೇಲೆ ಹೊಳಪು ಬೇರೆ ಕೊಟ್ಟು, ಅದರ ಸಿಪ್ಪೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದ್ದೆ. ಥೂ ನನ್ನ ಜನ್ಮಕ್ಕೆ! ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಲವತ್ತು ವರ್ಷದ ಕೆಲಸಗಾರ, ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಗೆಳೆಯ, "ಸ್ಪ್ರಿಂಗು ಬಿಗಿ ಆಯ್ತೇನೋ," ಅಂದಾಗ, "ಇರ್ಬೋದು," ಅಂದೆ. ಯಜಮಾನರು ತಲೆ ತಗ್ಗಿಸಿ ಅಕ್ಕೂರಿನ ಬಸ್ಸು ಹತ್ತಿದರು.

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಬೆಳಿಗ್ಗೆ ಎದ್ದವನೇ ಮ್ಯೂಸಿಯಮ್ಮಿಗೆ ಹೋಗಿ ಗುಂಡನ್ನು ಬಿಚ್ಚಿಸಿಕೊಂಡೆ. ಒಂದು ಚೀಲದಲ್ಲಿ ಅದನ್ನೂ, ಅರಗನ್ನೂ, ಸಣ್ಣ ಇದ್ದಿಲ ಒಲೆಯನ್ನೂ ಹಾಕಿಕೊಂಡು ಅಕ್ಕೂರಿಗೆ ಹೊರಟೆ. ತಾಳೆಗರಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ, ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಯಜಮಾನರ ಮನೆಯಲ್ಲಿ ಹುಳು ಸಾಕಾಣಿಕೆ. ಹೊಸ್ತಿಲಲ್ಲಿ ಸುಣ್ಣದ ಪುಡಿ, ಒಳಗೆ ತಟ್ಟೆಗಳ ಮೇಲೆ ರೇಷ್ಮೆ ಹುಳು ಸೊಪ್ಪು ಮೇಯುವ ಸರಸರ ಸದ್ದು. ನಾನು ಒಲೆ ತೆಗೆದದ್ದೇ ತಡ, ಅವರ ಸೊಸೆ ಓಡಿಬಂದರು. "ಅಯ್ಯೋ ಸಾಬ್ರೇ, ಇಲ್ಲಿ ಹೊಗೆ ವಾಸ್ನೆ ಮಾಡ್ಬ್ಯಾಡಿ, ಹುಳ ನಾಲ್ಕನೇ ಜ್ವರ ಎದ್ದು ಈಗಷ್ಟೇ ಪೊರೆ ಬುಟ್ಟವೆ, ಎಲ್ಲಾ ಸತ್ತೋದಾವು! ಆ ಹೊಂಗೆ ಮರದ್ ಕೆಳಿಕ್ಕೋಗಿ." ಹೊಂಗೆ ಮರದ ಕೆಳಗೆ ಹೋಗಿ ನಾನೂ ಯಜಮಾನರೂ ಕಲ್ಲಿನ ಮೇಲೆ ಕೂತೆವು.

ಹೇಳಿದೆ. ಎಲ್ಲವನ್ನೂ, ಸ್ನಾನದ ನೀರಿನವರೆಗೂ ಹೇಳಿದೆ. "ನಿಮ್ ಕೈಗೆ ಏನೂ ಆಗಿಲ್ಲ ಯಜಮಾನ್ರೇ. ನಾನೇ ಹಾಳ್ ಮಾಡ್ದೆ. ನಿನ್ನೆ ಹೇಳ್ಬೇಕಿತ್ತು, ಮರ್ಯಾದೆಗೆ ಹೆದ್ರಿ ಬಾಯಿ ಮುಚ್ಕೊಂಡೆ."

ಅವರು ನಕ್ಕರು. "ಗೊತ್ತಿತ್ತು ಬುಡಿ. ಮುಟ್ಟುದ್ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕ್ ಹೇಳ್ಲಿಲ್ಲ? ಕೈಯಲ್ಲಿ ಬಲ ಇಲ್ಲ ಅಂದ್ರಿ?"

"ಹತ್ ಜನದ್ ಮುಂದೆ ನಿಮ್ ಕೆಲ್ಸ ಸರಿ ಇಲ್ಲ ಅಂತ ಹೆಂಗಂದೇನು? ನೀವು ಇನ್ನೂ ಕೆಲ್ಸ ಮಾಡ್ಬೇಕಾದೋರು. ನಂದು ಮುಗುದೋಗಿರಾದು. ಬಲ ಇಲ್ಲ ಅಂದ್ರೆ ನಂಗೇನ್ ನಷ್ಟ?"

ಕಣ್ಣಿನ ಬೆಳಕು ಹೋಗುವ ಮೊದಲು ಅವರು ಕೇಳಿದ್ದು ಒಂದೇ ಒಂದು ಸಲದ ಓಟ. ಅದನ್ನು ಕಳೆದುಕೊಂಡ ಗಳಿಗೆಯಲ್ಲೂ ಪರಿಚಯವೇ ಇಲ್ಲದ ನನ್ನ ಮರ್ಯಾದೆಯನ್ನು ಕಾಪಾಡಿದ್ದರು. ನಾನು ಬಗ್ಗಿ ಇದ್ದಿಲು ಊದತೊಡಗಿದೆ, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳಬಹುದಲ್ಲ.

ಹೊಳಪನ್ನೆಲ್ಲ ಹೆರೆದು ತೆಗೆದೆ. ಅರಗನ್ನು ಕಾಯಿಸಿ, ಎಳೆದು, ನಾದಿ, ರೊಟ್ಟಿ ಹಿಟ್ಟಿನ ಹದಕ್ಕೆ ತಂದು ಗುಂಡಿನ ತಲೆಗೆ ದಪ್ಪಗೆ ಹತ್ತಿಸಿದೆ. ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿಕೊಂಡೆ. ಅವರ ಅಂಗೈಯನ್ನು ನೀರಿನಲ್ಲಿ ಒದ್ದೆ ಮಾಡಿ, "ಒತ್ತಿ. ಆರೋವರ್ಗೂ ತೆಗೀಬೇಡಿ," ಅಂದೆ.

"ಎಷ್ಟೊತ್ತು?"

"ಗಾಡಿ ಓಡಿಸ್ತಾ ಇದೀನಿ ಅಂದ್ಕೊಳಿ."

ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಭುಜದಿಂದ ಇಳಿದ ಭಾರ ಅಂಗೈಗೆ ಬಂತು, ಅರಗು ಬೆರಳುಗಳ ನಡುವೆ ಮೆಲ್ಲಗೆ ಉಬ್ಬಿತು. ಕಣ್ಣು ಮುಚ್ಚಿ, "ಬೀಚ್," ಅಂದರು. ಸ್ವಲ್ಪ ತಡೆದು, "ಫೋರ್ಟ್. ಪಾರ್ಕ್. ಎಗ್ಮೋರ್." ಮದ್ರಾಸಿನ ಪ್ರತಿಯೊಂದು ಸ್ಟೇಷನ್ನಿಗೂ ಮುಖ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು, ಪ್ಲಾಟ್‌ಫಾರಂ ಯಾವ ಕಡೆಯೋ ಆ ಕಡೆಗೆ. ಮಾಂಬಲಂ, ಸೈದಾಪೇಟ್, ಗಿಂಡಿ. ಹೊಂಗೆ ಮರದ ಕೆಳಗೆ ಕೂತ ನನಗೆ ಹತ್ತುವವರು, ಇಳಿಯುವವರು, ಹೂವಿನ ಬುಟ್ಟಿ, ಆಫೀಸಿನ ಚೀಲ ಎಲ್ಲ ಕಂಡಂತಾಯಿತು. ಉಸಿರು ಬಿಡಲೂ ಹೆದರಿಕೆ. "ಪಲ್ಲಾವರಂ. ಕ್ರೋಂಪೇಟ್." ಕೊನೆಗೆ "ತಾಂಬರಂ" ಅಂತ ಹೇಳಿ, "ಬಂತು, ಎಲ್ಲಾ ಇಳೀರಪ್ಪ," ಅಂದು ಕೈ ಎತ್ತಿದರು. ಅರಗು ಕಲ್ಲಾಗಿತ್ತು. ಅದರ ಮೇಲೆ ಅವರ ಅಂಗೈಯ ತಗ್ಗು, ಹೆಬ್ಬೆರಳ ಬುಡದ ಭಾರ, ಗೆರೆಗಳು ಸಮೇತ ಕೂತಿದ್ದವು. ಒಂದು ಪಕ್ಕಕ್ಕೆ ವಾಲಿತ್ತು. ಹಳೆಯದು ವಾಲಿದ್ದ ಪಕ್ಕಕ್ಕೇ.

ಭಾನುವಾರದವರೆಗೆ ಕಾಯಲು ನಾನು ಒಪ್ಪಲಿಲ್ಲ. ಅವರ ಬೆಳಕಿನ ಲೆಕ್ಕ ಯಾರಿಗೆ ಗೊತ್ತು? ಮಾರನೇ ದಿನವೇ ಗೆಳೆಯನನ್ನೂ ಆಪಾರನ್ನೂ ಕರೆಸಿದೆ, ಎಲ್ಲರ ಎದುರು ನನ್ನ ತಪ್ಪನ್ನೂ ಒಪ್ಪಿಕೊಂಡೆ. ಗೆಳೆಯ, "ಸ್ಪ್ರಿಂಗು ಸ್ಪ್ರಿಂಗು ಅಂತ ಇಡೀ ದಿನ ಬಿಚ್ಚಿದ್ನಲ್ಲಲೇ, ಪಾಪಿ!" ಅಂತ ಬೆನ್ನಿಗೊಂದು ಗುದ್ದಿದ. ಯಜಮಾನರು ಅದೇ ಬಿಳಿ ಅಂಗಿಯಲ್ಲಿ ಬಂದರು. ಅಂಗೈ ಇಟ್ಟರು. ಈ ಸಲ ಬೆರಳುಗಳು ಏನನ್ನೂ ಹುಡುಕಲಿಲ್ಲ.

ಗುಂಯ್ ಅಂತ ಸದ್ದು ಎದ್ದಿತು. ಶೆಡ್ಡಿನ ನೆರಳು ದಾಟಿ ಬಿಸಿಲಿಗೆ ಬಂದೆವು. ಮುಂದಿನ ಗಾಜಿನ ತುಂಬ ಬೆಳಕು. ಎರಡು ಹಳಿ ಹೊಳೆಯುತ್ತಾ ನಮ್ಮ ಕಡೆಗೆ ಬರತೊಡಗಿದವು. "ಕಾಣ್ತೈತೆ," ಅಂದರು ಯಜಮಾನರು, ಸಣ್ಣ ದನಿಯಲ್ಲಿ. "ಎರ್ಡೂ ಕಾಣ್ತೈತೆ. ಬತ್ತಾ ಐತೆ." ಇನ್ನೂರು ಹೆಜ್ಜೆ, ಅಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ನೋಡಿದರು. ಹಳಿ ಮುಗಿಯುವ ಮುಂಚೆ ತಾವಾಗಿಯೇ ಕೈ ಎತ್ತಿದರು, ಗಾಡಿ ಮೆಲ್ಲಗೆ ನಿಂತಿತು. ಆಮೇಲೆ ನನ್ನ ಕೈ ಹಿಡಿದೆಳೆದು ಗುಂಡಿನ ಮೇಲಿಟ್ಟು, ವಾಪಸ್ ನೀವೇ ಓಡಿಸಿ ಅಂದರು. ನನ್ನ ಅಂಗೈ ಅವರ ಅಂಗೈಯ ಗುರುತಿನೊಳಗೆ ಕೂತಿತು. ಇಷ್ಟು ವರ್ಷ ದಾರ ಕಟ್ಟಿದ ರೈಲು ಮಾಡಿದವನು ನಿಜವಾದ ರೈಲು ಓಡಿಸಿಕೊಂಡು ಬಂದೆ, ಅಳುತ್ತಾ.

ಎರಡು ತಿಂಗಳಲ್ಲಿ ಅವರ ಬೆಳಕು ಪೂರ್ತಿ ಹೋಯಿತು. ಈಗಲೂ ಭಾನುವಾರ ಸೊಸೆಯ ಜೊತೆ ಬಸ್ಸಿನಲ್ಲಿ ಬರುತ್ತಾರೆ, ನೋಡಲು ಬಂದವರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಹಳಿಯ ತುದಿ ಬಂತೆಂದು ಆಪಾ ಪಕ್ಕದಲ್ಲಿ ನಿಂತು ಹೇಳುತ್ತಾರೆ. ಗುಂಡು ಮಂಕಾಗಿದೆ, ಕೊಳಕಾಗಿದೆ, ಒಂದು ಪಕ್ಕಕ್ಕೆ ಸೊಟ್ಟಗಿದೆ. ಯಾರಾದರೂ ಬಟ್ಟೆ ಹಿಡಿದು ಒರೆಸಲು ಹೋದರೆ ನಾನು ಬಾಯಿಗೆ ಬಂದಂತೆ ಬೈಯುತ್ತೇನೆ.